ಸಫಾರಿ ಶಿಬಿರಗಳ ನಡುವಿನ ಪುಟ್ಟ ವಿಮಾನಕ್ಕೆ ಹದಿನೈದೇ ಕಿಲೋ: ಏನನ್ನು ಒಯ್ಯಬೇಕು, ಏನನ್ನು ಬಿಡಬೇಕು?

ಕುಕ್ಕರಹಳ್ಳಿ ದಂಡೆ

ಎಲ್ಲರಿಗೂ ನಮಸ್ಕಾರ. ಬರುವ ಆಗಸ್ಟ್ ತಿಂಗಳಲ್ಲಿ ನಾನು, ನನ್ನ ಹೆಂಡತಿ, ಮಗ ಮತ್ತು ಸೊಸೆ ಕೀನ್ಯಾ ಹಾಗೂ ಟಾಂಜಾನಿಯಾ ಪ್ರವಾಸಕ್ಕೆ ಹೊರಟಿದ್ದೇವೆ. ಮುಂಬೈಯಿಂದ ನೈರೋಬಿ, ಮರುದಿನ ಅಲ್ಲಿನ ವಿಲ್ಸನ್ ನಿಲ್ದಾಣದಿಂದ ಸಣ್ಣ ವಿಮಾನದಲ್ಲಿ ಮಸಾಯಿ ಮಾರಾ, ಅಲ್ಲಿ ನಾಲ್ಕು ರಾತ್ರಿ ಕಳೆದ ಮೇಲೆ ಮಿಗೋರಿಗೆ ಹಾರಿ, ಇಸೆಬಾನಿಯಾದಲ್ಲಿ ರಸ್ತೆಯ ಮೂಲಕ ಗಡಿ ದಾಟಿ, ತಾರಿಮೆಯಿಂದ ಇನ್ನೊಂದು ಸಣ್ಣ ವಿಮಾನ ಹಿಡಿದು ಸೆರೆಂಗೆಟಿಯ ಉತ್ತರ ತುದಿಯ ಕೊಗಟೆಂಡೆಯಲ್ಲಿ ಇಳಿಯುವುದು ಮಗ ಹಾಕಿಕೊಟ್ಟಿರುವ ಯೋಜನೆ. ಕೊನೆಗೆ ಅರೂಷಾ ತಲುಪಿ, ಕಿಲಿಮಂಜಾರೋ ವಿಮಾನ ನಿಲ್ದಾಣದಿಂದ ಮರಳುತ್ತೇವೆ.

ಮುಂಬೈಯಿಂದ ಹೋಗುವ ದೊಡ್ಡ ವಿಮಾನದವರು ತಲಾ 23 ಕಿಲೋದ ಎರಡು ಪೆಟ್ಟಿಗೆಗಳಿಗೆ ಅವಕಾಶ ಕೊಟ್ಟಿದ್ದಾರೆ. ಆದರೆ ಸಣ್ಣ ವಿಮಾನದ ಟಿಕೆಟ್ಟಿನಲ್ಲಿ ಕೈಚೀಲವೂ ಸೇರಿ ಒಬ್ಬರಿಗೆ 15 ಕಿಲೋ, ಅದೂ ಮೆತ್ತನೆಯ ಚೀಲದಲ್ಲಿ ಮಾತ್ರ ಎಂದು ಬರೆದಿದೆ. ನಿನ್ನೆ ಒಂದು ಸಲ ಎಲ್ಲವನ್ನೂ ತುಂಬಿ, ಮನೆಯ ತೂಕದ ಯಂತ್ರದ ಮೇಲೆ ನಾನೇ ಪೆಟ್ಟಿಗೆ ಹಿಡಿದು ನಿಂತು, ನನ್ನ ತೂಕ ಕಳೆದು ನೋಡಿದಾಗ ನನ್ನದು 19, ನನ್ನ ಹೆಂಡತಿಯದು 22 ಬಂತು. ಆಕೆಯ 22ರಲ್ಲಿ ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ, ಗೊಜ್ಜವಲಕ್ಕಿ ಪುಡಿ, ನಿಂಬೆ ಉಪ್ಪಿನಕಾಯಿ ಎಲ್ಲವೂ ಸೇರಿ ಐದು ಕಿಲೋ ಇದೆ. ಅದರ ಬಗ್ಗೆ ಮಾತಾಡುವ ಧೈರ್ಯ ನನಗಿನ್ನೂ ಬಂದಿಲ್ಲ. ಈ ನಿಯಮವನ್ನು ಅವರು ನಿಜಕ್ಕೂ ಕಟ್ಟುನಿಟ್ಟಾಗಿ ಪಾಲಿಸುತ್ತಾರೆಯೇ, ಅಥವಾ ನಮ್ಮ ಬಸ್ಸುಗಳ ಲಗೇಜ್ ನಿಯಮದ ಹಾಗೆ ಗೋಡೆಗೆ ಮಾತ್ರವೇ? ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ನೈರೋಬಿ ನೆರೆ

ನಮಸ್ಕಾರ ಸರ್. ಹನ್ನೊಂದು ವರ್ಷಗಳಿಂದ ನೈರೋಬಿಯಲ್ಲಿದ್ದೇನೆ, ಊರಿನಿಂದ ಬಂದವರನ್ನು ವಿಲ್ಸನ್ನಿಗೆ ಬಿಟ್ಟು ಬರುವುದು ನನಗೆ ವರ್ಷಕ್ಕೆ ನಾಲ್ಕೈದು ಬಾರಿಯ ಕೆಲಸ. ವಿಲ್ಸನ್ ಎಂಬುದು ನೀವು ಬಂದಿಳಿಯುವ ಜೋಮೋ ಕೆನ್ಯಾಟಾ ನಿಲ್ದಾಣವಲ್ಲ. ಅದು ನಗರಕ್ಕೆ ಅಂಟಿಕೊಂಡಿರುವ ಬೇರೆಯೇ ಸಣ್ಣ ನಿಲ್ದಾಣ. ಅಲ್ಲಿ ಕೌಂಟರಿನಲ್ಲಿ ಚೀಲಗಳನ್ನೆಲ್ಲ ತೂಕ ಮಾಡುತ್ತಾರೆ, ಹೆಗಲಿನ ಚೀಲವನ್ನೂ ಇಳಿಸಿ ತಕ್ಕಡಿಯ ಮೇಲಿಡಲು ಹೇಳುತ್ತಾರೆ. ಒಂದು ಕಿಲೋ ಹೆಚ್ಚಾದರೆ ಕೆಲವೊಮ್ಮೆ ನಗುತ್ತಾ ಬಿಟ್ಟುಬಿಡುತ್ತಾರೆ, ಐದು ಕಿಲೋ ಹೆಚ್ಚಾದರೆ ನಗುವುದಿಲ್ಲ. ವಿಮಾನದಲ್ಲಿ ಜಾಗವಿದ್ದರೆ ಹೆಚ್ಚಿನ ಹಣ ಪಡೆದು ಒಯ್ಯುತ್ತಾರೆ. ಆಗಸ್ಟ್ ತಿಂಗಳೆಂದರೆ ಗ್ನೂ ಎಂಬ ಹುಲ್ಲೆಗಳು ಹಿಂಡು ಹಿಂಡಾಗಿ ಮಾರಾ ನದಿ ದಾಟುವ ಕಾಲ, ಸೀಟುಗಳೆಲ್ಲ ತುಂಬಿರುವಾಗ ಆ ಜಾಗವನ್ನು ನೆಚ್ಚಿಕೊಳ್ಳಬೇಡಿ.

ಮಾರಾಕ್ಕೆ ಹೋಗಿ ನೈರೋಬಿಗೇ ಮರಳುವವರು ದೊಡ್ಡ ಪೆಟ್ಟಿಗೆಯನ್ನು ಹೋಟೆಲಿನಲ್ಲೋ ವಿಲ್ಸನ್ನಿನ ಲಗೇಜ್ ಕೋಣೆಯಲ್ಲೋ ಇಟ್ಟು ಹೋಗುತ್ತಾರೆ. ನೀವು ಮಿಗೋರಿಯ ಕಡೆಯಿಂದ ಟಾಂಜಾನಿಯಾಕ್ಕೆ ದಾಟಿ ಕಿಲಿಮಂಜಾರೋದಿಂದ ಹೊರಡುವುದರಿಂದ ಆ ದಾರಿ ನಿಮಗೆ ಮುಚ್ಚಿದೆ. ಹಾಗಾಗಿ ಮೈಸೂರಿನ ಮನೆಯ ಬಾಗಿಲು ಹಾಕುವಾಗಲೇ ನಿಮ್ಮ ತೂಕ ಹದಿನೈದರೊಳಗೆ ಇರಬೇಕು. ಆ 46 ಕಿಲೋದ ಅವಕಾಶವನ್ನು ಮರೆತುಬಿಡಿ.

ತಿಂಡಿಯ ವಿಚಾರಕ್ಕೆ ಬಂದರೆ, ಅಕ್ಕನವರಿಗೆ ನನ್ನ ಪರವಾಗಿ ಹೀಗೆ ಹೇಳಿ: ನೈರೋಬಿಯ ಪಾರ್ಕ್‌ಲ್ಯಾಂಡ್ಸ್ ಬಡಾವಣೆಯಲ್ಲಿ ಗುಜರಾತಿಗಳ ಅಂಗಡಿಗಳು ಸಾಲುಗಟ್ಟಿವೆ, ಅವಲಕ್ಕಿಯಿಂದ ಹಿಡಿದು ತೊಗರಿಬೇಳೆಯವರೆಗೆ ಎಲ್ಲವೂ ಸಿಗುತ್ತದೆ. ಶಿಬಿರದವರಿಗೆ ಮೊದಲೇ ತಿಳಿಸಿದರೆ ಅನ್ನ, ಬೇಳೆ, ಚಪಾತಿ, ಪಲ್ಯ ಮಾಡಿಕೊಡುತ್ತಾರೆ. ಚಪಾತಿ ಎಂಬ ಹೆಸರೇ ಇಲ್ಲಿನ ಜನರ ದಿನದೂಟದಲ್ಲಿದೆ. ಚಟ್ನಿಪುಡಿ ಕಾಲು ಕಿಲೋ ಬರಲಿ, ಅದಕ್ಕೆ ಬದಲಿ ಇಲ್ಲ. ಆದರೆ ಅದನ್ನು ಪಾಲಿಥೀನ್ ಕವರಿನಲ್ಲಿ ಕಟ್ಟಬೇಡಿ. ಕೀನ್ಯಾ 2017ರ ಆಗಸ್ಟ್ 28ರಿಂದ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದೆ, ಟಾಂಜಾನಿಯಾದಲ್ಲಿ 2019ರ ಜೂನ್ 1ರಿಂದ ನಿಷೇಧವಿದೆ, ದಂಡವೂ ಸಣ್ಣದಲ್ಲ. ಹಗುರವಾದ ಡಬ್ಬಿ ಅಥವಾ ಬಟ್ಟೆಯ ಚೀಲ ಸಾಕು.

ತೂಕದ ಲೆಕ್ಕ

ವಿಮಾನ ನಿರ್ವಹಣೆಯ ಕೆಲಸದಲ್ಲಿ ಬೆಂಗಳೂರಿನಲ್ಲಿ ಮೂವತ್ತು ವರ್ಷ ಕಳೆದು ನಿವೃತ್ತನಾದವನು ನಾನು. ಪ್ರಶ್ನೆ ಕೇಳಿದವರು ಬಸ್ಸಿನ ಉದಾಹರಣೆ ಕೊಟ್ಟಿದ್ದರಿಂದ ಬರೆಯದೆ ಇರಲಾಗಲಿಲ್ಲ.

ಈ ಮಾರ್ಗಗಳಲ್ಲಿ ಹೆಚ್ಚಾಗಿ ಹಾರುವುದು ಸೆಸ್ನಾ ಗ್ರ್ಯಾಂಡ್ ಕ್ಯಾರವಾನ್ ಎಂಬ ಒಂದೇ ಎಂಜಿನಿನ ವಿಮಾನ. ಅದರ ದೇಹ, ಇಂಧನ, ಪೈಲಟ್, ಪ್ರಯಾಣಿಕರು, ಸಾಮಾನು ಎಲ್ಲ ಸೇರಿ ನೆಲ ಬಿಡುವಾಗ ಇರಬಹುದಾದ ಗರಿಷ್ಠ ತೂಕ ಸುಮಾರು 3,970 ಕಿಲೋ. ಹನ್ನೆರಡು ಮಂದಿ ಪ್ರಯಾಣಿಕರು ತಲಾ 15ರ ಬದಲು 23 ಕಿಲೋ ತಂದರೆ ಒಟ್ಟು 96 ಕಿಲೋ ಹೆಚ್ಚಾಗುತ್ತದೆ, ಅಂದರೆ ಟಿಕೆಟ್ಟಿಲ್ಲದ ಒಬ್ಬ ದಪ್ಪ ಪ್ರಯಾಣಿಕ ಹೆಚ್ಚುವರಿಯಾಗಿ ಹತ್ತಿ ಕುಳಿತ ಹಾಗೆ. ಆ ತೂಕವನ್ನು ಎಲ್ಲಿಂದಲಾದರೂ ಕಳೆಯಲೇಬೇಕು, ಪೈಲಟ್ಟಿಗೆ ಕಳೆಯಲು ಉಳಿದಿರುವುದು ಇಂಧನ ಅಥವಾ ಮನುಷ್ಯ.

ಇದರ ಮೇಲೆ ಎತ್ತರದ ಸಮಸ್ಯೆ ಬೇರೆ. ವಿಲ್ಸನ್ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 1,690 ಮೀಟರ್ ಎತ್ತರದಲ್ಲಿದೆ; ನಿಮ್ಮ ಚಾಮುಂಡಿ ಬೆಟ್ಟದ ತುದಿಗಿಂತ ಇನ್ನೂ ಆರುನೂರು ಮೀಟರ್ ಮೇಲೆ ಎಂದುಕೊಳ್ಳಿ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ, ಬಿಸಿಲೇರಿದಂತೆ ಮತ್ತಷ್ಟು ತೆಳುವಾಗುತ್ತದೆ. ತೆಳು ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಕಡಿಮೆ, ಪ್ರೊಪೆಲ್ಲರಿಗೆ ಎಳೆಯುವ ಬಲ ಕಡಿಮೆ, ಹಾಗಾಗಿ ವಿಮಾನ ನೆಲ ಬಿಡಲು ಹೆಚ್ಚು ದೂರ ಓಡಬೇಕಾಗುತ್ತದೆ. ಮಾರಾದ ರನ್‌ವೇಗಳು ಹೆಚ್ಚಿನವು ಜಲ್ಲಿ ಮತ್ತು ಮಣ್ಣಿನವು. ಅವು ಬೇಕಾದಷ್ಟು ಉದ್ದ ಹಿಗ್ಗುವುದಿಲ್ಲ.

ಮೆತ್ತನೆಯ ಚೀಲವನ್ನೇಕೆ ಕೇಳುತ್ತಾರೆ ಎಂಬುದಕ್ಕೂ ಕಾರಣವಿದೆ. ಕ್ಯಾರವಾನಿನ ಹೊಟ್ಟೆಯ ಕೆಳಗೆ ದೋಣಿಯ ಆಕಾರದ ಒಂದು ಸಾಮಾನು ಪೆಟ್ಟಿಗೆ ಇರುತ್ತದೆ, ಅದರ ಒಳಗಿನ ಎತ್ತರ ಮೊಣಕಾಲಿನಷ್ಟು. ಗಟ್ಟಿ ಸೂಟ್‌ಕೇಸಿನ ಚಕ್ರವೂ ಹಿಡಿಕೆಯ ಕಂಬಿಯೂ ಒಂದಿಷ್ಟೂ ಬಾಗುವುದಿಲ್ಲವಾದ್ದರಿಂದ ಒಂದೇ ಪೆಟ್ಟಿಗೆ ಮೂರು ಚೀಲಗಳ ಜಾಗ ತಿನ್ನುತ್ತದೆ. ಹಾಗಾಗಿ ತೂಕ ಹದಿಮೂರೇ ಇದ್ದರೂ ಟ್ರಾಲಿ ಸೂಟ್‌ಕೇಸ್ ತಂದವರನ್ನು ತಡೆಯುವುದು ನ್ಯಾಯವೇ. ಇನ್ನೊಂದು ಮಾತು: ಖಾಲಿ ಟ್ರಾಲಿಯ ತೂಕವೇ ಮೂರೂವರೆ, ನಾಲ್ಕು ಕಿಲೋ ಇರುತ್ತದೆ. ಖಾಲಿ ಬಟ್ಟೆಯ ಡಫಲ್ ಬ್ಯಾಗು ಒಂದು ಕಿಲೋದ ಆಸುಪಾಸು. ಒಂದು ಅಂಗಿಯನ್ನೂ ತೆಗೆಯದೆ ನಿಮಗೆ ಮೂರು ಕಿಲೋ ಉಳಿಯಿತು.

ಮಲ್ಲೇಶ್ವರದ ಅಲೆಮಾರಿ

ನಾನು ಮತ್ತು ನನ್ನ ಯಜಮಾನರು ಬೋಟ್ಸ್ವಾನಾದ ಒಕವಾಂಗೋ ನದೀಮುಖಜ ಭೂಮಿಗೆ ಹೋಗಿ ಬಂದವರು, ಕೀನ್ಯಾಕ್ಕೂ ಹೋಗಿದ್ದೇವೆ. ಬೋಟ್ಸ್ವಾನಾದಲ್ಲಿ ಸಾಮಾನ್ಯವಾಗಿ 20 ಕಿಲೋ ಒಪ್ಪುತ್ತಾರೆ, ಆದರೆ ಚೀಲದ ಅಳತೆಯನ್ನೂ ಹೇಳುತ್ತಾರೆ: 25, 30, 62 ಸೆಂಟಿಮೀಟರ್. ಅಲ್ಲಿನ ಮೌನ್ ಎಂಬ ಊರು ಈ ಹಾರಾಟಗಳ ಕೇಂದ್ರ. ಹೆಸರು ಮೌನವಾದರೂ ಬೆಳಗಿನ ಎಂಟು ಗಂಟೆಗೆ ಒಂದರ ಹಿಂದೆ ಒಂದು ಪುಟ್ಟ ವಿಮಾನ ಏಳುವಾಗ ಮಾತು ಕೇಳಿಸುವುದಿಲ್ಲ. ನಾವು ಹೋದ ವಿಮಾನ ಕ್ಯಾರವಾನಿಗಿಂತಲೂ ಚಿಕ್ಕದು, ಐದು ಜನ ಹಿಡಿಸುವಂಥದ್ದು. ಇಪ್ಪತ್ತೈದರ ಪ್ರಾಯದ ಪೈಲಟ್ ಹುಡುಗಿ ಕೆಂಪು ಮಣ್ಣಿನ ಮೇಲೆ ಮೊಣಕಾಲೂರಿ ಕುಳಿತು, ನನ್ನ ಚೀಲವನ್ನು ಬುಡದಿಂದ ಮುಷ್ಟಿಯಿಂದ ಗುದ್ದಿ ಗುದ್ದಿ ಒಳಗೆ ತುರುಕಿದ್ದನ್ನು ನೋಡಿದಾಗ, ಅದರಲ್ಲಿ ಗಾಜಿನ ಉಪ್ಪಿನಕಾಯಿ ಶೀಸೆ ಇಲ್ಲದ್ದಕ್ಕೆ ದೇವರಿಗೆ ಕೈಮುಗಿದೆ.

ಈಗ ನನ್ನ ಅನುಭವದ ಪಟ್ಟಿ. ಹತ್ತು ದಿನಕ್ಕೆ ನಾಲ್ಕು ಹತ್ತಿಯ ಅಂಗಿ, ಎರಡು ಪ್ಯಾಂಟು, ಒಂದು ಚೂಡಿದಾರ, ಐದು ಜೊತೆ ಒಳ ಉಡುಪು, ಒಂದು ಉಣ್ಣೆಯ ಸ್ವೆಟರ್, ಗಾಳಿ ತಡೆಯುವ ಒಂದು ಜಾಕೆಟ್, ಟೋಪಿ, ಶಾಲು, ರಬ್ಬರ್ ಚಪ್ಪಲಿ. ಶಿಬಿರಗಳಲ್ಲಿ ಬಟ್ಟೆ ಒಗೆದುಕೊಡುತ್ತಾರೆ, ಬೆಳಿಗ್ಗೆ ಕೊಟ್ಟರೆ ಸಂಜೆಗೆ ಇಸ್ತ್ರಿಯಾಗಿ ಬರುತ್ತದೆ. ಕೆಲವೆಡೆ ಹೆಂಗಸರ ಒಳ ಉಡುಪುಗಳನ್ನು ಸಿಬ್ಬಂದಿ ಮುಟ್ಟುವುದಿಲ್ಲ, ಕೋಣೆಯಲ್ಲೇ ಸೋಪಿನ ಪುಡಿ ಇಟ್ಟಿರುತ್ತಾರೆ. ರಾತ್ರಿ ಹಿಂಡಿ ಹಾಕಿದರೆ ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ. ಶಾಂಪೂ, ಸೋಪು ಅಲ್ಲೇ ಇರುತ್ತವೆ. ಬೆಟ್ಟ ಹತ್ತುವ ಭಾರದ ಬೂಟುಗಳನ್ನು ನನ್ನ ಯಜಮಾನರು ಹಟ ಹಿಡಿದು ತಂದಿದ್ದರು, ಆದರೆ ಇಡೀ ದಿನ ಜೀಪಿನಲ್ಲಿ ಕುಳಿತಿರುವುದರಿಂದ ಅವು ನೆಲ ಮುಟ್ಟಿದ್ದು ಶೌಚಕ್ಕೆ ಇಳಿದಾಗ ಮಾತ್ರ. ಎಲ್ಲಕ್ಕಿಂತ ಭಾರದ್ದನ್ನು ಮೈಮೇಲೆ ಹಾಕಿಕೊಂಡು ವಿಮಾನ ಹತ್ತುವುದು ಹಳೆಯ ಉಪಾಯ, ಈಗಲೂ ನಡೆಯುತ್ತದೆ.

ಕೀನ್ಯಾದಲ್ಲಿ ಆದ ಒಂದು ಪ್ರಸಂಗವನ್ನೂ ಹೇಳಬೇಕು. ಈ ವಿಮಾನಗಳು ನಮ್ಮ ಹಳ್ಳಿ ಬಸ್ಸಿನ ಹಾಗೆ ಒಂದೊಂದು ಏರ್‌ಸ್ಟ್ರಿಪ್ಪಿನಲ್ಲಿ ಇಳಿದು, ಇಬ್ಬರನ್ನು ಇಳಿಸಿ, ಮೂವರನ್ನು ಹತ್ತಿಸಿಕೊಂಡು ಮುಂದೆ ಹೋಗುತ್ತವೆ. ನಾವು ಇಳಿಯಬೇಕಾದದ್ದು ಮುಸಿಯಾರದಲ್ಲಿ. ಅದಕ್ಕೂ ಮೊದಲು ಓಲ್ ಕಿಯೊಂಬೋದಲ್ಲಿ ಇಳಿದ ದಂಪತಿಗಳ ಚೀಲವೂ ನಮ್ಮದರಂತೆಯೇ ಕಪ್ಪು, ಅದೇ ಗಾತ್ರ. ಅವರ ಚೀಲ ನಮ್ಮ ಶಿಬಿರಕ್ಕೆ ಬಂತು, ನಮ್ಮದು ಅವರಲ್ಲಿಗೆ ಹೋಯಿತು. ವಿಮಾನದವರ ಕಡೆಯಿಂದ ಒಂದು ಕ್ಷಮೆಯ ಮಾತೂ ಬರಲಿಲ್ಲ; ಶಿಬಿರದ ಚಾಲಕರಿಬ್ಬರು ರೇಡಿಯೋದಲ್ಲಿ ಮಾತಾಡಿಕೊಂಡು ಮರುದಿನ ಬೆಳಿಗ್ಗೆ ನಡುದಾರಿಯಲ್ಲಿ, ಎರಡು ಜಿರಾಫೆಗಳ ಸಮಕ್ಷಮದಲ್ಲಿ, ಚೀಲಗಳನ್ನು ಅದಲುಬದಲು ಮಾಡಿದರು. ಯಜಮಾನರ ರಕ್ತದೊತ್ತಡದ ಮಾತ್ರೆ ಆ ಚೀಲದಲ್ಲಿತ್ತು. ಅಂದಿನಿಂದ ಮಾತ್ರೆ, ಪಾಸ್‌ಪೋರ್ಟ್, ಕನ್ನಡಕ, ಒಂದು ಜೊತೆ ಬಟ್ಟೆ ಮಡಿಲಿನ ಚೀಲದಲ್ಲೇ ಇರುತ್ತವೆ, ದೊಡ್ಡ ಚೀಲದ ಹಿಡಿಕೆಗೆ ಹಳೆಯ ರೇಷ್ಮೆ ಸೀರೆಯ ಕೇಸರಿ ಅಂಚಿನ ತುಂಡು ಕಟ್ಟಿರುತ್ತೇನೆ.

ಕಬಿನಿ ಬೆಳಕು

ಛಾಯಾಗ್ರಾಹಕರ ಪರವಾಗಿ ಎರಡು ಮಾತು. ಕಬಿನಿ, ಬಂಡೀಪುರಗಳಲ್ಲಿ ಕಾರಿನ ಡಿಕ್ಕಿಯಲ್ಲಿ ಎಲ್ಲವನ್ನೂ ತುಂಬಿಕೊಂಡು ಹೋಗಿ ಅಭ್ಯಾಸವಾದವರಿಗೆ ಈ 15 ಕಿಲೋ ನಿಜವಾದ ಪರೀಕ್ಷೆ. ಮೊದಲ ಸಲ ಹೋದಾಗ ನನ್ನ ಕ್ಯಾಮೆರಾ ಚೀಲವೇ ಹನ್ನೊಂದು ಕಿಲೋ ಇತ್ತು, ಬಟ್ಟೆಗೆ ಉಳಿದದ್ದು ನಾಲ್ಕು. ಅದರಲ್ಲಿ ಮೂರು ಕಿಲೋ ದಾಟುವ 600 ಎಂಎಂ ಎಫ್ 4 ಲೆನ್ಸ್, ಟ್ರೈಪಾಡ್, ಲ್ಯಾಪ್‌ಟಾಪ್ ಎಲ್ಲವೂ ಇದ್ದವು. ಟ್ರೈಪಾಡನ್ನು ಒಂದೇ ಒಂದು ಸಲವೂ ಬಿಚ್ಚಲಿಲ್ಲ, ಏಕೆಂದರೆ ವಾಹನದಿಂದ ಕೆಳಗಿಳಿಯುವಂತಿಲ್ಲ, ವಾಹನದೊಳಗೆ ಅದನ್ನು ನಿಲ್ಲಿಸಲು ಜಾಗವೂ ಇರುವುದಿಲ್ಲ.

ಎರಡನೆಯ ಸಲ ಎರಡು ಕ್ಯಾಮೆರಾ, ಸೋನಿಯ 200-600 ಎಂಎಂ ಲೆನ್ಸ್, ಒಂದು ಚಿಕ್ಕ ಜೂಮ್ ಲೆನ್ಸ್ ಮಾತ್ರ ಒಯ್ದೆ. ಆ 200-600ರ ತೂಕ 2,115 ಗ್ರಾಂ; ದೊಡ್ಡ ಲೆನ್ಸಿಗೆ ಹೋಲಿಸಿದರೆ ಮುಂಜಾನೆಯ ಮಬ್ಬಿನಲ್ಲಿ ಸ್ವಲ್ಪ ಸೋಲುತ್ತದೆ, ಬಿಸಿಲು ಬಂದ ಮೇಲೆ ವ್ಯತ್ಯಾಸವನ್ನು ಯಾರೂ ಗುರುತಿಸಲಾರರು. ಲ್ಯಾಪ್‌ಟಾಪಿನ ಬದಲು ಬೆಂಕಿಪೊಟ್ಟಣದ ಗಾತ್ರದ ಎಸ್‌ಎಸ್‌ಡಿ ಎಂಬ ಶೇಖರಣಾ ಸಾಧನಕ್ಕೆ ಫೋನಿನ ಮೂಲಕವೇ ಚಿತ್ರಗಳನ್ನು ನಕಲು ಮಾಡಿದೆ. ಲೆನ್ಸನ್ನು ಅಲುಗದಂತೆ ಒರಗಿಸಿಡುವ ಬೀನ್ ಬ್ಯಾಗನ್ನು ಖಾಲಿಯಾಗಿ, ಕರವಸ್ತ್ರದಂತೆ ಮಡಚಿ ಒಯ್ದು, ಶಿಬಿರದ ಅಡುಗೆಮನೆಯಲ್ಲಿ ಅಕ್ಕಿ ಕೇಳಿ ತುಂಬಿಸಿಕೊಂಡೆ. ಅಡುಗೆಯವನು ಮೂರು ಕಿಲೋ ಅಕ್ಕಿ ಅಳೆದು ಸುರಿದು, ಹೊರಡುವ ದಿನ ಅಷ್ಟೂ ಮರಳಿ ಬರಬೇಕು ಎಂದು ಬೆರಳೆತ್ತಿ ಹೇಳಿದ; ಮರಳಿಸಿದೆ, ಚೆಲ್ಲಿದ ಹಿಡಿಯಷ್ಟನ್ನು ಬಿಟ್ಟು.

ಬ್ಯಾಟರಿಗಳು, ಪವರ್ ಬ್ಯಾಂಕ್ ಮಾತ್ರ ಕೈಯಲ್ಲೇ ಇರಲಿ, ಅವನ್ನು ಹೊಟ್ಟೆಯ ಪೆಟ್ಟಿಗೆಗೆ ಹಾಕಬಾರದು. ಡ್ರೋನ್ ಬೇಡವೇ ಬೇಡ. ಅನುಮತಿಯಿಲ್ಲದೆ ಕೀನ್ಯಾಕ್ಕೆ ತಂದರೆ ನಿಲ್ದಾಣದಲ್ಲೇ ಹಿಡಿದಿಡುತ್ತಾರೆ. ನಮ್ಮ ಛಾಯಾಗ್ರಾಹಕರಿಗೆ ಪ್ರಾಣಪ್ರಿಯವಾದ ಆ ಎಲೆ ಚಿತ್ತಾರದ ಸೈನಿಕ ಮಾದರಿಯ ಉಡುಪನ್ನೂ ಮನೆಯಲ್ಲೇ ಬಿಡಿ. ಜಾಂಬಿಯಾ, ಜಿಂಬಾಬ್ವೆಗಳಲ್ಲಿ ನಾಗರಿಕರು ಅದನ್ನು ಧರಿಸುವುದಕ್ಕೆ ಕಾನೂನಿನ ತಡೆಯೇ ಇದೆ. ಉಳಿದೆಡೆಯೂ ಅದರಿಂದ ತೊಂದರೆಯೇ ಹೊರತು ಲಾಭವಿಲ್ಲ. ಸಿಂಹ ನಿಮ್ಮ ಅಂಗಿಯನ್ನಲ್ಲ, ಜೀಪನ್ನು ನೋಡುತ್ತಿರುತ್ತದೆ.

ಉಳ್ಳಾಲದ ಅಲೆ

ಇಷ್ಟೆಲ್ಲ ಖರ್ಚು ಮಾಡಿಕೊಂಡು ಅಷ್ಟು ದೂರ ಹೋಗುವವರು ಅಂಗಿ ಎಣಿಸುತ್ತಾ ಕುಳಿತುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ನಾಲ್ವರು ಹೋಗುತ್ತಿದ್ದೀರಿ, ಐದನೆಯ ಸೀಟೊಂದನ್ನು ಸಾಮಾನಿಗಾಗಿಯೇ ಕೊಂಡರೆ ಕಥೆ ಮುಗಿಯಿತಲ್ಲ? ನಮ್ಮ ಬಳಗದವರು ಹಾಗೆಯೇ ಮಾಡಿದ್ದರು, ಯಾವ ತಕರಾರೂ ಬರಲಿಲ್ಲ.

ತೂಕದ ಲೆಕ್ಕ

ಸೀಟು ಕೊಳ್ಳುವುದು ಸರಿಯಾದ ದಾರಿಯೇ, ನಾನು ಅಲ್ಲಗಳೆಯುವುದಿಲ್ಲ. ಆ ಸೀಟಿನಲ್ಲಿ ಕೂರಬೇಕಿದ್ದ ಮನುಷ್ಯನ ತೂಕ ನಿಮ್ಮ ಲೆಕ್ಕಕ್ಕೆ ಬರುತ್ತದೆ. ಆದರೆ ಅದನ್ನು ತಿಂಗಳುಗಳ ಮೊದಲೇ, ಪ್ರತಿ ಹಾರಾಟಕ್ಕೂ ಪ್ರತ್ಯೇಕವಾಗಿ ಕಾಯ್ದಿರಿಸಬೇಕು, ಇವರ ಮಾರ್ಗದಲ್ಲಿ ಅಂತಹ ಹಾರಾಟಗಳು ಮೂರಾದರೂ ಇವೆ. ಚೀಲ ಮೆತ್ತಗಿರಬೇಕೆಂಬ ಷರತ್ತು ಆಗಲೂ ತಪ್ಪುವುದಿಲ್ಲ. ಮೂರು ಸೀಟುಗಳ ಹಣದಲ್ಲಿ ಚಕ್ಕುಲಿ ಒಯ್ಯುವುದಾದರೆ ಅದು ಲೋಕದಲ್ಲೇ ದುಬಾರಿಯಾದ ಚಕ್ಕುಲಿ ಆದೀತು.

ಕುಕ್ಕರಹಳ್ಳಿ ದಂಡೆ

ಎಲ್ಲರಿಗೂ ಕೃತಜ್ಞತೆಗಳು. ಮೇಲಿನ ಕೊನೆಯ ವಾಕ್ಯವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ, ನಗು ಬಂತು, ಕೋಡುಬಳೆ ಡಬ್ಬಿ ಕೆಳಗಿಳಿಯಿತು. ಎರಡು ಸಂದೇಹಗಳು ಉಳಿದಿವೆ. ಮಾರಾದಲ್ಲಿ ಆಗಸ್ಟ್ ತಿಂಗಳಲ್ಲಿ ಸ್ವೆಟರ್ ಬೇಕಾಗುವಷ್ಟು ಚಳಿ ಇರುತ್ತದೆಯೇ? ಆಫ್ರಿಕಾ ಎಂದರೆ ಸುಡುಬಿಸಿಲು ಎಂದೇ ನಾವು ತಿಳಿದಿದ್ದೆವು. ಎರಡನೆಯದಾಗಿ, ಸೊಸೆ ಎರಡು ನೀಲಿ ಜೀನ್ಸ್ ಇಟ್ಟುಕೊಂಡಿದ್ದಾಳೆ, ನೀಲಿ ಬಣ್ಣ ಬೇಡ ಎಂದು ಯಾರೋ ಹೇಳಿದರಂತೆ. ಅದು ನಿಜವೇ?

ನೈರೋಬಿ ನೆರೆ

ಸ್ವೆಟರ್ ಖಂಡಿತ ಬೇಕು. ಮಾರಾ ಸಾವಿರದೈನೂರು ಮೀಟರಿಗೂ ಮೇಲಿನ ಪ್ರಸ್ಥಭೂಮಿ, ಆಗಸ್ಟ್ ಇಲ್ಲಿ ಚಳಿಯ ಕಾಲದ ಬಾಲ. ಬೆಳಿಗ್ಗೆ ಆರಕ್ಕೆ ತೆರೆದ ಜೀಪಿನಲ್ಲಿ ಹೊರಟಾಗ ಮಡಿಕೇರಿಯ ಡಿಸೆಂಬರ್ ನೆನಪಾಗುತ್ತದೆ, ಹನ್ನೊಂದಕ್ಕೆ ಅಂಗಿಯ ತೋಳು ಮಡಚುತ್ತೀರಿ. ದಪ್ಪ ಕೋಟು ಬೇಡ. ತೆಳುವಾದ ಮೂರು ಪದರಗಳು ಸಾಕು, ಕಂಬಳಿಯನ್ನು ಜೀಪಿನಲ್ಲೇ ಇಟ್ಟಿರುತ್ತಾರೆ.

ನೀಲಿಯ ಮಾತೂ ನಿಜ. ತ್ಸೆತ್ಸೆ ಎಂಬ ಕಚ್ಚುವ ನೊಣ ನೀಲಿ ಮತ್ತು ಕಪ್ಪು ಬಣ್ಣಗಳಿಗೆ ಆಕರ್ಷಿತವಾಗುತ್ತದೆ, ಅದನ್ನು ಹಿಡಿಯಲು ಕಾಡಿನಂಚಿನಲ್ಲಿ ಕಟ್ಟುವ ಬಲೆಗಳನ್ನು ಆ ಎರಡು ಬಣ್ಣಗಳ ಬಟ್ಟೆಯಿಂದಲೇ ಮಾಡಿರುತ್ತಾರೆ. ಸೆರೆಂಗೆಟಿಯ ಮರಗಳ ಸಾಲಿನಲ್ಲಿ ಅದರ ಕಾಟ ಹೆಚ್ಚು. ಜೀನ್ಸ್ ಭಾರವೂ ಹೌದು, ಒಗೆದರೆ ಬೇಗ ಒಣಗುವುದೂ ಇಲ್ಲ. ಎರಡು ಜೀನ್ಸ್ ಬಿಟ್ಟರೆ ಒಂದೂಕಾಲು ಕಿಲೋ ಉಳಿಯುತ್ತದೆ. ಹಳದಿ ಜ್ವರದ ಲಸಿಕೆಯ ಕಾರ್ಡನ್ನು ದೊಡ್ಡ ಚೀಲದಲ್ಲಿ ಹಾಕಬೇಡಿ, ಇಸೆಬಾನಿಯಾದ ಗಡಿಯಲ್ಲಿ ಅದನ್ನು ಕೇಳುತ್ತಾರೆ. ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು ಲಸಿಕೆ ಹಾಕಿಸಿಕೊಂಡಿರಬೇಕು, ಭಾರತಕ್ಕೆ ಮರಳುವಾಗಲೂ ಅದು ಬೇಕು.

ಕುಕ್ಕರಹಳ್ಳಿ ದಂಡೆ

ಸೆಪ್ಟೆಂಬರ್ ಮೊದಲ ವಾರ ಮನೆಗೆ ಮರಳಿದೆವು, ಕೇಳಿದವನು ವರದಿ ಒಪ್ಪಿಸಬೇಕಾದದ್ದು ಧರ್ಮ. ವಿಲ್ಸನ್ನಿನ ತಕ್ಕಡಿಯ ಮೇಲೆ ನನ್ನದು 13.8, ಮನೆಯವರದು 14.6, ಸೊಸೆಯದು 12. ಮಗನ ಚೀಲ ಮಾತ್ರ 16.2 ತೋರಿಸಿತು. ಕೌಂಟರಿನ ಹುಡುಗ ನಾಲ್ಕು ಚೀಲಗಳನ್ನೂ ಒಟ್ಟಿಗೆ ಕೂಡಿಸಿ, 60ಕ್ಕೆ ಕಡಿಮೆ ಇದೆ ಎಂದು ತಲೆಯಾಡಿಸಿ ಚೀಟಿ ಕಟ್ಟಿದ. ನಮ್ಮ ಹಿಂದೆ ನಿಂತಿದ್ದ ಒಬ್ಬರು ಹೊಳೆಯುವ ಗಟ್ಟಿ ಸೂಟ್‌ಕೇಸನ್ನು ನೆಲದ ಮೇಲೆ ಬಿಚ್ಚಿ, ಬಟ್ಟೆಗಳನ್ನು ಅಂಗಡಿಯಲ್ಲಿ ಆಗಷ್ಟೇ ಕೊಂಡ ಕ್ಯಾನ್ವಾಸ್ ಚೀಲಕ್ಕೆ ತುಂಬುತ್ತಿದ್ದರು. ನೋಡಬಾರದೆಂದುಕೊಂಡರೂ ನೋಡಿದೆ.

ಮಾರಾದಲ್ಲಿ ಇಳಿಯುವ ಮೊದಲು ವಿಮಾನ ರನ್‌ವೇಯ ಮೇಲೆ ತಗ್ಗಾಗಿ ಒಂದು ಸುತ್ತು ಹಾಕಿತು. ಕೆಳಗೆ ಜೀಪೊಂದು ಜೀಬ್ರಾಗಳನ್ನು ಬದಿಗಟ್ಟುತ್ತಿತ್ತು. ಹೆಂಡತಿ ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು, ಇನ್ನೊಂದು ಕೈಯಲ್ಲಿ ಚಟ್ನಿಪುಡಿಯ ಡಬ್ಬಿಯಿದ್ದ ಕೈಚೀಲ. ಆ ಕಾಲು ಕಿಲೋ ಪುಡಿ ಆರನೆಯ ದಿನಕ್ಕೆ ಮುಗಿಯಿತು, ಅದರಲ್ಲಿ ಅರ್ಧ ಖಾಲಿ ಮಾಡಿದ್ದು ನಮ್ಮ ಮಸಾಯಿ ಮಾರ್ಗದರ್ಶಿ. ಒಮ್ಮೆಯೂ ಮುಟ್ಟದೆ ಮರಳಿ ತಂದದ್ದು ನನ್ನ ಎರಡನೆಯ ಪ್ಯಾಂಟು, ಛತ್ರಿ, ಸೊಸೆಯ ಹೇರ್ ಡ್ರೈಯರ್. ಸೌರ ವಿದ್ಯುತ್ತಿನ ಡೇರೆಯಲ್ಲಿ ಡ್ರೈಯರ್ ಹಾಕುವಂತಿಲ್ಲ ಎಂಬ ಫಲಕವೇ ಇತ್ತು, ಅದನ್ನು ಇಲ್ಲಿ ಯಾರೂ ಹೇಳಿರಲಿಲ್ಲ.

ಮಲ್ಲೇಶ್ವರದ ಅಲೆಮಾರಿ

ಹೇರ್ ಡ್ರೈಯರ್ ವಿಷಯ ನನ್ನ ತಪ್ಪು ಸರ್, ಪಟ್ಟಿಯಲ್ಲಿ ಸೇರಿಸಬೇಕಿತ್ತು. ಛತ್ರಿಯನ್ನು ಮಾತ್ರ ಯಾರೂ ಊಹಿಸಿರಲಿಲ್ಲ.